ಡೊರೊಥಿ ಆಂಟಿ ಮತ್ತು ಮಣ್ಣೊಳಗಿನ ಸಾಲು

ಶನಿವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಗೋರಿಕಲ್ಲಿನ ಮೇಲಿನ ಬೆಳಕು ಅಲುಗಿತು. ಕನ್ನಡಿ ಹಿಡಿದು ಆ ಬೆಳಕು ಬಿಡುತ್ತಿದ್ದವಳು ನಾನು. ನನ್ನ ಕೈ ಅಲುಗಿರಲಿಲ್ಲ. ಅಲುಗಿದ್ದು ಕಲ್ಲು. ಅದರ ಬುಡದಲ್ಲಿ ಎಪ್ಪತ್ತು ದಾಟಿದ ಡೊರೊಥಿ ಆಂಟಿ ಮೊಣಕಾಲೂರಿ ಮಣ್ಣು ಕೆದಕುತ್ತಿದ್ದರು. ನಾನು ಕೂಗಲಿಲ್ಲ, ಕನ್ನಡಿ ಹಿಡಿದೇ ನಿಂತಿದ್ದೆ.

ಅಮೆರಿಕದ ಪಾರ್ಸಿಪನಿಯಲ್ಲಿ ಅವರದು ನನ್ನ ಪಕ್ಕದ ಅಪಾರ್ಟ್‌ಮೆಂಟ್. ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಕಾಲೊನಿಯಲ್ಲಿ, ಇಲ್ಲಿ ನರ್ಸ್ ಆಗಿ ನಿವೃತ್ತರು. ಬಿಳಿಚು ಮುಖ, ಉದ್ದ ಮೂಗು. ಕನ್ನಡ ಕೂಟದ ಊಟದಲ್ಲಿ ಯಾರಾದರೂ ಅವರೊಂದಿಗೆ ಇಂಗ್ಲಿಷ್ ಶುರು ಮಾಡಿದರೆ, “ಕನ್ನಡದಲ್ಲೇ ಮಾತಾಡಪ್ಪ. ನಾನು ಕೋಲಾರದವಳು, ಮೂಗು ಮಾತ್ರ ಕಾರ್ನ್‌ವಾಲ್‌ದು” ಎನ್ನುತ್ತಿದ್ದರು.

ಆ ಮೂಗಿನ ಮೂಲ ಹುಡುಕಲು ತಿಂಗಳಿಗೊಂದು ಶನಿವಾರ ಮಾರಿಸ್‌ಟೌನ್‌ಗೆ ಹೋಗುತ್ತಿದ್ದರು. ಬ್ರಿಟಿಷ್, ಐರಿಶ್ ಪೂರ್ವಜರನ್ನು ಹುಡುಕುವವರ ಒಂದು ಗುಂಪು ಅಲ್ಲಿ ಸೇರುತ್ತಿತ್ತು. ಹೈವೇಯಲ್ಲಿ ಡ್ರೈವ್ ಮಾಡಲು ಅವರಿಗೆ ಭಯ, ಹಾಗಾಗಿ ನಾನು ಜೊತೆಗಾತಿ. ಇಂಡಿಯಾದವರಿಗೆ ಇಲ್ಲೇನು ಕೆಲಸ ಎಂದು ಗುಂಪಿನವರೊಬ್ಬರು ಮೊದಲ ದಿನ ಕೇಳಿದ್ದರಂತೆ. ನಿಮ್ಮಜ್ಜ ಹಡಗು ಹತ್ತಿ ಪಶ್ಚಿಮಕ್ಕೆ ಹೋದ, ನಮ್ಮಜ್ಜ ಪೂರ್ವಕ್ಕೆ, ಅಷ್ಟೇ ವ್ಯತ್ಯಾಸ ಎಂದು ಇವರು ಹೇಳಿದ ಮೇಲೆ ಮತ್ತೆ ಯಾರೂ ಕೇಳಲಿಲ್ಲ.

ಗುಂಪಿನಲ್ಲಿ ಹಲವರ ವಂಶವೃಕ್ಷ ಯಾವುದಾದರೂ ರಾಜನಿಗೆ ಹೋಗಿ ಮುಟ್ಟುತ್ತಿತ್ತು. ಕಾರಿನಲ್ಲಿ ಮರಳುವಾಗ ಆಂಟಿ ನಗುತ್ತಿದ್ದರು. “ಎಲ್ಲರ ಮನೇಲೂ ರಾಜರೇ ಇದ್ರೆ, ಗಣಿ ಒಳಗೆ ಇಳಿದವರು ಯಾರು, ಚೈಲ್ಡ್?” ಪುರಾವೆಯಿಲ್ಲದೆ ಒಂದು ಹೆಸರನ್ನೂ ಅವರು ತಮ್ಮ ಮರಕ್ಕೆ ಸೇರಿಸಿದವರಲ್ಲ. ಮುತ್ತಜ್ಜ ವಿಲಿಯಂ, ಬ್ರಿಟಿಷರ ಗಣಿನಾಡಾದ ಕಾರ್ನ್‌ವಾಲ್ ಬಿಟ್ಟು ಕೋಲಾರಕ್ಕೆ ಬಂದಿದ್ದ. ಅವನ ಒಡಹುಟ್ಟಿದವನೊಬ್ಬ ಅಮೆರಿಕದ ಗಣಿಗೆ ಹೋದ ಎಂದು ಮನೆಯಲ್ಲಿ ಹೇಳುತ್ತಿದ್ದರು, ಅಷ್ಟೇ. ಮಾರಿಸ್‌ಟೌನ್ ಆಚೆಯ ಹಳೆಯ ಕಬ್ಬಿಣದ ಗಣಿಗಳ ಬಳಿ ಅದೇ ಮನೆತನದ ಹೆಸರಿನ ಜಾನ್ ಎಂಬವನ ಗೋರಿ ಸಿಕ್ಕಾಗ ಗುಂಪೆಲ್ಲ ಸಂಭ್ರಮಿಸಿತು. ಇವರು ಮಾತ್ರ ಒಪ್ಪಲಿಲ್ಲ. ಹೆಸರು ಒಂದೇ ಆದರೆ ಮನುಷ್ಯ ನಮ್ಮವನಾಗುತ್ತಾನೆಯೇ?

ಅಂಥ ಗೋರಿಕಲ್ಲುಗಳಲ್ಲಿ ಸತ್ತವನ ಊರು, ನಂಟು ಕೊನೆಯ ಸಾಲುಗಳಲ್ಲಿರುತ್ತವೆ. ಕಲ್ಲು ಕುಸಿದಂತೆ ಆ ಸಾಲುಗಳು ನೆಲದೊಳಗೆ ಸೇರುತ್ತವೆ. ಸವೆದ ಅಕ್ಷರಕ್ಕೆ ಕನ್ನಡಿಯಿಂದ ಓರೆ ಬೆಳಕು ಬಿಟ್ಟು ಓದಿ, ಬುಡಕ್ಕೆ ಮಾತ್ರ ಕೈಹಾಕಬೇಡಿ ಎಂದು ಗುಂಪಿನ ಹಿರಿಯ ಟಾಮ್ ಎಚ್ಚರಿಸಿದ್ದರು. ಆ ಶನಿವಾರ ಅವರು ನೀರು ತರಲು ಕಾರಿನತ್ತ ಹೋದದ್ದೇ ಆಂಟಿ ಚೀಲದಿಂದ ಕರಣೆ ತೆಗೆದರು. “ಒಂದೇ ಸಾಲು. ಇಷ್ಟು ದೂರ ಬಂದು ಒಂದು ಸಾಲಿಗೆ ಹಿಂದೆ ಹೋಗ್ಲಾ?”

ಕಲ್ಲು ಮುಖ ಅಡಿಯಾಗಿ ಬಿತ್ತು. ಆಂಟಿ ಪಕ್ಕಕ್ಕೆ ಹೊರಳಿದ್ದರು, ಎಡಗಾಲು ಹೊರಳಲಿಲ್ಲ. ಟಾಮ್ ಮತ್ತು ನಾನು ಎಷ್ಟು ಎತ್ತಲು ನೋಡಿದರೂ ಕಲ್ಲು ಮಿಸುಕಲಿಲ್ಲ. ನಾನು ತುರ್ತು ಕರೆ ಮಾಡುತ್ತಿರುವಾಗ ಆಂಟಿ, ಸುಣ್ಣದಂತೆ ಬಿಳುಪೇರಿದ ಮುಖದಲ್ಲಿ, “ಕಲ್ಲು ಒಡೆದಿದೆಯಾ ನೋಡು” ಎಂದರು.

ಕಾಲಿಗೆ ರಾಡ್ ಹಾಕಿದರು. ಇನ್ನು ಒಂಟಿಯಾಗಿ ಬಿಡಲಾರೆನೆಂದು ಪರ್ತ್‌ನಲ್ಲಿದ್ದ ಅವರ ಮಗಳು ಬಂದು ತನ್ನ ಮನೆಗೆ ಕರೆದೊಯ್ಯುವ ಏರ್ಪಾಡು ಮಾಡಿದಳು. ನನಗೆ ನಿದ್ದೆ ಬಾರದಾಯಿತು. ಕಣ್ಣು ಮುಚ್ಚಿದರೆ ಬೆಳಕು ಅಲುಗುತ್ತಿತ್ತು. ನೋವಿಗೆ ಎಚ್ಚರವಾಗುತ್ತಿದ್ದ ಆಂಟಿ ಪುನಶ್ಚೇತನ ಕೇಂದ್ರದಿಂದ, ಎಷ್ಟೇ ಅಪರಾತ್ರಿಯಾಗಲಿ, ‘ಎದ್ದಿದೀಯಾ?’ ಎಂದು ಮೆಸೇಜ್ ಕಳಿಸುವರು. ನಾನು ಎದ್ದೇ ಇರುತ್ತಿದ್ದೆ.

ಅವರು ಹೋಗುವ ಮೊದಲು ಆ ಸಾಲು ಓದಲೇಬೇಕೆಂದು ನಾನು ಪಟ್ಟು ಹಿಡಿದೆ. ಸ್ಮಶಾನದ ಕಚೇರಿಯವರು ಹೂಂ ಎನ್ನುವವರೆಗೂ ಫೋನ್ ಮಾಡಿದೆ. ಗುಂಪಿನವರು ಕಲ್ಲು ನಿಲ್ಲಿಸುವವನನ್ನು ಕರೆಸಿದರು. ಹೊಸ ಬುನಾದಿಯ ಮೇಲೆ ಅದು ಎದ್ದು ನಿಂತ ಮೇಲೆ ಹತ್ತಿರ ಹೋದೆ. ಮಣ್ಣೊಳಗಿದ್ದದ್ದರಿಂದ ಆ ಸಾಲು ಸವೆದೇ ಇರಲಿಲ್ಲ: ಈ ಕಲ್ಲು ಹಾಕಿಸಿದವನು ಸಹೋದರ ವಿಲಿಯಂ, ಮೈಸೂರು ಸೀಮೆ, ಇಂಡಿಯಾ.

ಬುಧವಾರ ಆಂಟಿಗೆ ಫೋಟೊ ತೋರಿಸಿದೆ. ಬೆರಳಿನಿಂದ ‘ಮೈಸೂರು’ ಅನ್ನು ಸವರಿದರು. ಆಮೇಲೆ ಕಣ್ಣೊರೆಸಿಕೊಂಡು, “ಅಣ್ಣನೋ ತಮ್ಮನೋ ಹೇಳಿಲ್ಲ. ಹುಟ್ಟಿದ ಊರಿನ ಹೆಸರೂ ಹಾಕ್ಸಿಲ್ಲ, ಜಿಪುಣ. ಇನ್ನೂ ಕೆಲಸ ಇದೆ, ಚೈಲ್ಡ್” ಎಂದರು.

ನಾನು ಅವರನ್ನು ಕಂಡದ್ದು ಅದೇ ಕೊನೆ. ಗುರುವಾರ ರಾತ್ರಿ ವಿಮಾನ ಹತ್ತಿದರು. ಶನಿವಾರ ನೋಡಿದರೆ ಫೋನಿನಲ್ಲಿ ಅವರ ಮೆಸೇಜ್ ಇತ್ತು, ಬೆಳಗಿನ ಜಾವ ನಾಲ್ಕರದು: ‘ತಲುಪಿದೆ. ಜನನ ದಾಖಲೆ ಕೇಳಿ ಕಾರ್ನ್‌ವಾಲ್‌ನ ಚರ್ಚುಗಳಿಗೆ ನಾಳೆಯಿಂದ ಬರೀತೀನಿ. ಎದ್ದಿದೀಯಾ?’

ನಾನು ಅದನ್ನು ಓದಿದ್ದು ಎಂಟೂವರೆಗೆ, ಆಗತಾನೇ ಎದ್ದು.