ತುಳಸಿ ಬಿದ್ದ ಸ್ಯಾಂಪಲ್

ರಾಷ್ಟ್ರೀಯ ಪ್ರಯೋಗಾಲಯವೊಂದರಲ್ಲಿ ನೀರು ಪರೀಕ್ಷಿಸುವುದೇ ನನ್ನ ಕೆಲಸವಾಗಿತ್ತು. ನಿವೃತ್ತಿಗೆ ಮುಂಚೆ ಕೊನೆಯ ಸಲ ಕಾಶಿಗೆ ಹೋದಾಗಲೂ ಎಂದಿನಂತೆ ಹನುಮಾನ್ ಘಾಟಿನ ಕನ್ನಡ ಪುರೋಹಿತರ ಮನೆಯಲ್ಲೇ ಉಳಿದಿದ್ದೆ. ಬೆಳಿಗ್ಗೆ ದೋಣಿಯಲ್ಲಿ ಹೋಗಿ ನದಿಯ ಆರು ಕಡೆಯ ನೀರು ತುಂಬಿಸಿಕೊಂಡು ಬಂದೆ. ಆರು ಬಾಟಲಿಗಳನ್ನೂ ಹಜಾರದಲ್ಲಿಟ್ಟು, ಅವನ್ನು ತಣ್ಣಗಿಟ್ಟು ಒಯ್ಯುವ ಪೆಟ್ಟಿಗೆಗೆ ಐಸ್ ತರಲು ಭೇಲೂಪುರಕ್ಕೆ ಹೋದೆ.

ವಾಪಸು ಬಂದು ನೋಡಿದರೆ ಪ್ರತಿ ಬಾಟಲಿಯೊಳಗೂ ಒಂದೊಂದು ತುಳಸಿ ದಳ ತೇಲುತ್ತಿತ್ತು. ಮುಚ್ಚಳಕ್ಕೆ ಕುಂಕುಮ ಬೇರೆ. ಪುರೋಹಿತರ ತಾಯಿ ಸಾವಿತ್ರಮ್ಮನವರ ಕೆಲಸ.

"ಅಮ್ಮಾ, ಇದು ಪರೀಕ್ಷೆಗೆ ಒಯ್ಯೋ ನೀರು. ಇದರೊಳಗೆ ಏನೂ ಬೀಳಬಾರದಿತ್ತು," ಎಂದೆ, ಸಿಟ್ಟು ನುಂಗಿಕೊಂಡು.

"ಗಂಗೆ ನಮ್ಮನೆಯಿಂದ ಹೊರಟಿದಾಳೆ. ಕುಂಕುಮ ಇಡದೆ ಹಾಗೇ ಕಳಿಸೋಕಾಗತ್ತೇನಪ್ಪಾ?" ಎಂದರು ಅವರು.

ನಮ್ಮಮ್ಮನೂ ಹೀಗೇ. ಕೊನೆಗಾಲಕ್ಕೆಂದು ಗಂಗೆ ತುಂಬಿ ಬೆಸೆದ ಗಿಂಡಿಯೊಂದನ್ನು ದೇವರ ಗೂಡಿನಲ್ಲಿಟ್ಟುಕೊಂಡಿದ್ದಳು. ಹೈಸ್ಕೂಲಿನಲ್ಲಿದ್ದಾಗ, ಒಳಗೆ ಹುಳ ಇದೆಯೋ ನೋಡೋಣವೆಂದು ನಾನು ಅದರ ಬೆಸುಗೆ ಕಿತ್ತು, ನೀರಿಗೆ ಲೆನ್ಸ್ ಹಿಡಿದಿದ್ದೆ. ಅಮ್ಮ ಬೈಯಲಿಲ್ಲ. ಎರಡು ದಿನ ನನ್ನ ಜೊತೆ ಮಾತೇ ಆಡಲಿಲ್ಲ.

ದೋಣಿಯವನನ್ನು ಕಾಡಿ ಬೇಡಿ ಮತ್ತೆ ಹೋಗಿ, ಹೊಸ ಬಾಟಲಿಗಳಲ್ಲಿ ಆರು ಕಡೆಯ ನೀರನ್ನೂ ತಂದೆ. ತುಳಸಿ ಬಿದ್ದವುಗಳಲ್ಲಿ ಐದನ್ನು ನದಿಗೇ ಸುರಿದೆ. ಆರನೆಯದು ಈಗ ನಮ್ಮ ದೇವರ ಗೂಡಿನಲ್ಲಿದೆ, ಅಮ್ಮನ ಗಿಂಡಿ ಇದ್ದ ಜಾಗದಲ್ಲಿ. ಅದಕ್ಕೆ ಅಂಟಿಸಿದ ಚೀಟಿಯಲ್ಲಿ ನನ್ನದೇ ಕೈಬರಹವಿದೆ: "ಪರೀಕ್ಷೆಗೆ ಮಾತ್ರ. ಕುಡಿಯಬಾರದು."