ದುರ್ವಾಸನೆ ಮರದ ಮದ್ದು

ಎರಡು ಸಾವಿರದ ಇಸವಿಯ ನಂತರದ ಮೊದಲ ವರ್ಷಗಳವು. ನಾನು ಶಿರಸಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಸಿದ್ದಾಪುರದ ಹತ್ತಿರ ಶಾಲೆಯಲ್ಲಿ ಟೀಚರಾಗಿದ್ದ ನನ್ನ ಅಕ್ಕನಿಗೆ ಅಂಡಾಶಯದ ಕ್ಯಾನ್ಸರ್ ಆಗಿ, ಆಪರೇಷನ್ ಆದಮೇಲೂ ಮರುಕಳಿಸಿತ್ತು. ಹುಬ್ಬಳ್ಳಿಯ ಡಾಕ್ಟರು ಬೇರೆ ಮದ್ದು ಶುರುಮಾಡಿದರು. ಹೆಸರು ಕೇಳಿದ ಕೂಡಲೇ ನನಗೆ ಗೊತ್ತಾಯಿತು, ಅದರ ಮೂಲದ್ರವ್ಯ ಬರುವುದು ನಮ್ಮ ಘಟ್ಟದ ದುರ್ವಾಸನೆ ಮರದಿಂದ. ಹೂ ಬಿಟ್ಟಾಗ ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಮರ ಅದು.

ಅಕ್ಕನಿಗೆ ಹೇಳಿದೆ. ಅವಳು ನಂಬಲಿಲ್ಲ. ತನ್ನ ರಕ್ತಕ್ಕೆ ಇಳಿಯುತ್ತಿರುವುದನ್ನು ಮರ ಹೇಗೆ ಮಾಡುತ್ತದೆಂದು ವಿವರವಾಗಿ ಕೇಳಿದಳು. ಬೇಳೆ, ಹಾಲಿನಿಂದ ನಮ್ಮ ಮೈ ಸೇರುವ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲವನ್ನು ಆ ಮರ ತಾನೇ ತಯಾರಿಸಿಕೊಳ್ಳುತ್ತದೆ, ಅದರಿಂದ ಒಂದು ಚೂರು ಕಳಚಿ, ಇನ್ನೊಂದು ಅಣುವನ್ನು ಜೋಡಿಸಿ, ಉಂಗುರಗಳನ್ನು ತಿರುಗಿಸಿ ಹೆಣೆದು ವಿಷ ಮಾಡುತ್ತದೆ ಎಂದೆ. ಆ ವಿಷವನ್ನು ತುಸು ಬದಲಿಸಿದರೆ ಅವಳ ಮದ್ದು.

ಮುಂದಿನ ಸಲ ಹುಬ್ಬಳ್ಳಿಯಿಂದ ವಾಪಸು ಬರುವಾಗ ಮರ ನೋಡಬೇಕೆಂದಳು. ಯಲ್ಲಾಪುರ ದಾಟಿದ ಮೇಲೆ ಬಾಡಿಗೆ ಕಾರು ನಿಲ್ಲಿಸಿ ಅವಳ ಕೈ ಹಿಡಿದು ಕಾಡಿನ ಅಂಚಿಗೆ ಕರೆದೊಯ್ದೆ. ನನಗೆ ಗೊತ್ತಿದ್ದ ಮರಗಳು ಅಲ್ಲಿರಲಿಲ್ಲ. ಯಾರೋ ಬುಡಕ್ಕೇ ಕಡಿದು, ಬೇರನ್ನೂ ಅಗೆದು ಮದ್ದಿನ ಕಂಪನಿಗಳಿಗೆ ಸಾಗಿಸಿದ್ದರು. ಹುಡುಕಿದ ಮೇಲೆ ಮುಳ್ಳುಕಂಟಿಯ ನಡುವೆ ಒಂದು ಎಳೆಯ ಗಿಡ ಸಿಕ್ಕಿತು. ಅಕ್ಕ ಅದರ ಎಲೆಯನ್ನು ಮುಟ್ಟಿದಳು, ಕೀಳಲಿಲ್ಲ.

“ಮರಕ್ಕೆ ಎಂತಕ್ಕೆ ಬೇಕು ತಮಾ ಈ ವಿಷ?”

“ಹುಳ ತಿನ್ನಲಾಗ ಹೇಳಿ ಕಾಣ್ತು.”

“ಹಂಗಾರೆ ತನ್ನ ಜೀವಕ್ಕೆ ಮಾಡ್ಕಂಡಿದ್ದು. ಎಂಗೆ ಹೇಳಿ ಮಾಡಿದ್ದಲ್ಲ.”

ಅವಳಿಗೆಂದು ಮಾಡಿದ್ದಲ್ಲ, ನಿಜ. ಕೈ ಹಿಡಿದು ಅವಳನ್ನು ಕಾರಿಗೆ ಕರೆತಂದೆ. ಕಾರಿನಲ್ಲಿ ಶಿರಸಿ ಬರುವವರೆಗೂ ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ಮದ್ದು ಹಿಡಿಯಿತು. ಕೂದಲು ಮತ್ತೆ ಬಂತು, ಅಕ್ಕ ಶಾಲೆಗೂ ಹೋದಳು, ಮಕ್ಕಳಿಗೆ ಮಗ್ಗಿ ಹೇಳಿಸಿದಳು. ಮರುವರ್ಷದ ಮಳೆಗಾಲದ ಹೊತ್ತಿಗೆ ಗಡ್ಡೆ ಮತ್ತೆ ಬೆಳೆದಿತ್ತು. ಡಾಕ್ಟರು ಇನ್ನೊಂದು ಸುತ್ತು ಕೊಡೋಣವೆಂದರು. ಅಕ್ಕ ನನ್ನ ಕಡೆ ತಿರುಗಿ, “ಸಾಕು ತಮಾ, ಇನ್ನು ಎಂಗೆ ಆಗ್ತಿಲ್ಲೆ” ಎಂದಳು. ಭಾವನೂ ನಾನೂ ಒತ್ತಾಯ ಮಾಡಲಿಲ್ಲ. ದೀಪಾವಳಿಗೆ ಮೊದಲೇ ಹೋಗಿಬಿಟ್ಟಳು.

ಆಮೇಲೆ ಬಹಳ ವರ್ಷ ಅಮೈನೊ ಆಮ್ಲಗಳ ಪಾಠ ಮಾಡಿದೆ. ಟ್ರಿಪ್ಟೊಫಾನ್ ಬಂದಾಗ ಬೋರ್ಡಿನ ಕಡೆ ತಿರುಗಿ ಅದರ ಉಂಗುರಗಳನ್ನು ನಿಧಾನವಾಗಿ ಬರೆಯುತ್ತಿದ್ದೆ.