ಅಚ್ಚಾದ ಮಾವ

ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಮೂಗಿನ ಅಳತೆ ತೆಗೆಯುವ ಆ ಮನುಷ್ಯನಿಗೆ ಬರೆಯುವ ಹುಚ್ಚು ಹುಟ್ಟಿನಿಂದ ಬಂದದ್ದಲ್ಲ. ಅದು ಅಂಟಿದ್ದು ಮಾವನಿಂದ. ಹೆಂಡತಿಯ ತಂದೆ ರೈಲು ನಿಲ್ದಾಣದಲ್ಲಿ ಘೋಷಣೆ ಹೇಳುವ ಕೆಲಸ ಮಾಡಿ, ನಿವೃತ್ತರಾಗಿ, ಮಗಳ ಮನೆಯ ಹಾಲಿಗೆ ಅಂಟಿಕೊಂಡ ಸಣ್ಣ ಕೋಣೆಗೆ ಬಂದು ಸೇರಿದ್ದರು. ನಿಲ್ದಾಣದವರು ಮೈಕನ್ನು ವಾಪಸು ಪಡೆದಿದ್ದರು. ದನಿಯನ್ನೂ ಪಡೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಮನೆಮಂದಿಯ ಗಮನಕ್ಕೆ!" ಎಂದು ಬೆಳಗಾಗುತ್ತಲೇ ಶುರು. "ಅಡುಗೆಮನೆಯಿಂದ ಹೊರಡಬೇಕಿದ್ದ ಕಾಫಿ ಅನಿರ್ದಿಷ್ಟ ಕಾಲ ತಡವಾಗಲಿದೆ. ಇದಕ್ಕೆ ನನ್ನ ಮಗಳು ವಿಷಾದಿಸುವುದಿಲ್ಲ." ಅಳಿಯ ಹೊಸ ಅಂಗಿ ತೊಟ್ಟರೆ, "ಏನಯ್ಯಾ, ಗೂಡ್ಸ್ ಬೋಗಿಗೆ ಬಣ್ಣ ಹೊಡೆಸಿದ್ದೀಯಾ?" ಅಳಿಯನೆಂದು ತಲೆಯ ಮೇಲೆ ಕೂರಿಸಿಕೊಳ್ಳುವ ಜಾಯಮಾನ ಅವರದಲ್ಲ.

ಅಂಗಡಿ ಖಾಲಿ ಹೊಡೆಯುವ ಮಧ್ಯಾಹ್ನಗಳಲ್ಲಿ ಅಳಿಯ ಇದನ್ನೆಲ್ಲ ಫೋನಿನಲ್ಲೇ ಕುಟ್ಟಿ ಬ್ಲಾಗಿಗೆ ಹಾಕತೊಡಗಿದ. ಓದುಗರು ಒಂದು ಬಸ್ಸಿಗೆ ಸಾಲುವಷ್ಟಿದ್ದರು, ಆದರೆ ಅಷ್ಟೂ ಮಂದಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಮೊದಲನೇ ಓದುಗ ಖುದ್ದು ಮಾವನೇ. ಸಂಜೆ ಮಗಳ ಟ್ಯಾಬ್ ಹಿಡಿದು ಕೂತು, "ಥೂ, ನಾನು ಹೀಗೆ ಅಂದೇ ಇಲ್ಲ. ಇದಕ್ಕಿಂತ ಚೆನ್ನಾಗಿ ಅಂದಿದ್ದೆ. ತಿದ್ದು!" ಎನ್ನುತ್ತಿದ್ದರು. ಅಳಿಯ ತಿದ್ದುತ್ತಿದ್ದ. ಮಾರನೆಯ ಬೆಳಗಿನ ಘೋಷಣೆ ಇನ್ನಷ್ಟು ತಯಾರಾಗಿ ಬರುತ್ತಿತ್ತು. ನಿಜ ಹೇಳಬೇಕೆಂದರೆ ಆ ಮನೆಯಲ್ಲಿ ಮೂವರೂ ಸುಖವಾಗಿದ್ದರು. ಸಾಹಿತ್ಯಕ್ಕೆ ಅದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿಲ್ಲ.

"ಇದು ಪುಸ್ತಕ ಆಗ್ಬೇಕು ಸರ್" ಎಂದು ಯಾರೋ ಪುಣ್ಯಾತ್ಮರು ಕಾಮೆಂಟಿನಲ್ಲಿ ಗಾಳಿ ಹಾಕಿದರು. ಅಷ್ಟು ಸಾಕಾಯಿತು, ಇವನ ಕಾಲು ನೆಲ ಬಿಟ್ಟಿತು. ಬ್ಲಾಗಿನಲ್ಲಿ ರೋಗ ಮೊದಲು ಕಾಣಿಸಿಕೊಂಡದ್ದು 'ನನ್ನ ಬಗ್ಗೆ' ಎಂಬಲ್ಲಿ. "ಕನ್ನಡಕ ಮಾರುತ್ತೇನೆ, ಮಾವನ ಜೊತೆ ಏಗುತ್ತೇನೆ" ಎಂದಿದ್ದದ್ದು "ನೋಟಕ್ಕೂ ಮೌನಕ್ಕೂ ನಡುವಿನ ಅವಕಾಶವನ್ನು ಶೋಧಿಸುವ ಬರಹಗಾರ" ಎಂದಾಯಿತು. ಅದರ ಮೇಲೊಂದು ಫೋಟೊ. ಅಂಗಡಿಯ ಶೋಕೇಸಿನಿಂದ ತಂದ ನಂಬರಿಲ್ಲದ ಕನ್ನಡಕ ಏರಿಸಿ, ಗಲ್ಲಕ್ಕೆ ಕೈ ಕೊಟ್ಟು, ಕಿಟಕಿಯಾಚೆ ದಿಟ್ಟಿಸುತ್ತಿದ್ದಾನೆ. ಕಿಟಕಿಯಾಚೆ ಇದ್ದದ್ದು ಪಕ್ಕದ ಮನೆಯ ನೀರಿನ ಟ್ಯಾಂಕು.

ಪ್ರಕಾಶನವೊಂದರ ಸಂಪಾದಕಿ ಕರೆಸಿ ಕೂರಿಸಿಕೊಂಡರು. "ಓದಿ ನಕ್ಕೆ. ಆದ್ರೆ ನಗಿಸೋ ಪುಸ್ತಕಕ್ಕೆ ಬಹುಮಾನ ಬರಲ್ಲ ನೋಡಿ. ಇದ್ರಲ್ಲಿ ಗಾಯ ಎಲ್ಲಿದೆ?"

ಅಳಿಯ ಮೈಯೆಲ್ಲ ತಡಕಾಡಿದ. ಗಾಯ ಸಿಗಲಿಲ್ಲ.

"ಆ ದನಿ ಇದ್ಯಲ್ಲ, ಅದನ್ನೇ ಗಾಯ ಮಾಡಿ. ಅದಕ್ಕೆ ಮನೆಯೆಲ್ಲ ನಡುಗ್ಲಿ. ಮತ್ತೆ ಬ್ಲಾಗಲ್ಲಿರೋದನ್ನ ತೆಗೆದುಹಾಕಿ. ಬಿಟ್ಟಿ ಸಿಗೋದನ್ನ ಯಾರು ಕೊಂಡ್ಕೋತಾರೆ?"

ಹಳೆಯ ಬರಹಗಳು ಒಂದೊಂದಾಗಿ ಮಾಯವಾದವು. ಅವುಗಳ ಜಾಗಕ್ಕೆ 'ಖಾಲಿ ಹಾಳೆಯೊಂದಿಗೆ ಮಾತುಕತೆ', 'ಕೃತಿಯ ಪ್ರಸವವೇದನೆ' ಇತ್ಯಾದಿ ಬಂದು ಕೂತವು. ಓದುಗರು ಸದ್ದಿಲ್ಲದೆ ಇಳಿದುಹೋದರು. ಮಾವ ಮಾತ್ರ ಸಂಜೆ ತಪ್ಪದೆ ಹುಡುಕುತ್ತಿದ್ದರು. "ಇವತ್ತೂ ನಾನಿಲ್ವೇನಯ್ಯಾ?"

"ನೀವು ಪುಸ್ತಕದಲ್ಲಿ ಬರ್ತೀರಿ ಮಾವ."

ಮಾವ ಉಬ್ಬಿಹೋದರು. ಬಾಲ್ಕನಿಯಲ್ಲಿ ನಿಂತು ಬೀದಿಗೆಲ್ಲ ಘೋಷಿಸಿದರು.

ಕರಡು ಓದಿದ ಸಂಪಾದಕಿಗೆ ಕೊನೆ ಸಪ್ಪೆ ಎನ್ನಿಸಿತು. "ಮಾವ ಸಾಯ್ಬೇಕು."

"ಅವ್ರು ಗಟ್ಟಿಮುಟ್ಟಾಗಿದ್ದಾರಲ್ಲ ಮೇಡಂ?"

"ಅದು ಅವರ ಸಮಸ್ಯೆ."

ಒಂದು ಭಾನುವಾರ, ಮಾವ ಹಾಲಿನಲ್ಲಿ ಬಟಾಣಿ ಸುಲಿಯುತ್ತಾ ಕೂತಿರುವಾಗಲೇ, ಅಳಿಯ ಒಳಗೆ ಕೂತು ಅವರನ್ನು ಕೊಂದು ಮುಗಿಸಿದ. ಬರೆಯುವಾಗ ಕಣ್ಣಲ್ಲಿ ನೀರು ತುಂಬಿತು. ತನ್ನ ಶೈಲಿಗೆ ತಾನೇ ಕರಗಿದ್ದ. ಓದಿದ ಹೆಂಡತಿ ಮಾತ್ರ ಕರಗಲಿಲ್ಲ. "ಅಪ್ಪ ಯಾವತ್ರೀ ಹೀಗಿದ್ರು?" ಎಂದಳು. "ಇದು ಕಾದಂಬರಿ ಕಣೇ, ನಿನಗೆ ಗೊತ್ತಾಗಲ್ಲ" ಎಂದು ಬಾಯಿ ಮುಚ್ಚಿಸಿದ.

ಪುಸ್ತಕ ಬಂತು. ಬ್ಲಾಗಿನಲ್ಲಿ ಮುಖಪುಟದ ಚಿತ್ರ, ಎಲ್ಲಿ ಕೊಳ್ಳಬೇಕು ಎಂಬ ವಿವರ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಮಾವ ಕೈ ತೊಳೆದುಕೊಂಡು ಬಂದು, ಪುಸ್ತಕ ಎತ್ತಿಕೊಂಡು ಕೋಣೆ ಸೇರಿದರು. "ಥೂ, ತಿದ್ದು" ಎಂಬ ಗುಡುಗಿಗಾಗಿ ಅಳಿಯ ಹಾಲಿನಲ್ಲಿ ಶತಪಥ ಹಾಕಿದ. ಗುಡುಗು ಬರಲಿಲ್ಲ. ಓದಿ ಮುಗಿಸಿ ಹೊರಬಂದ ಮಾವ ಮಗಳ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು. "ಚಿಕ್ಕೋಳಿದ್ದಾಗ ನನ್ನ ದನಿ ಕೇಳಿ ಮಂಚದ ಕೆಳಗೆ ಅವಿತ್ಕೊಳ್ತಿದ್ಯೇನೇ?"

"ಅಯ್ಯೋ, ಇಲ್ಲಪ್ಪ! ಅದೆಲ್ಲ ಇವ್ರು ಕಟ್ಟಿದ್ದು."

"ಅಚ್ಚಾಗಿದೆಯಲ್ಲಮ್ಮ."

ಬದುಕಿಡೀ ಅಚ್ಚಾಗಿ ಕೈಗೆ ಬಂದ ವೇಳಾಪಟ್ಟಿಯನ್ನು ಓದಿ ಹೇಳಿದ ಮನುಷ್ಯ ಅವರು. ರೈಲು ಹಳಿಯ ಮೇಲೆ ಇರಲಿ ಬಿಡಲಿ, ಹಾಳೆಯಲ್ಲಿದ್ದರೆ ಇದೆ ಎಂದೇ ಹೇಳಿದವರು. ಬ್ಲಾಗಿನಲ್ಲಿ ಬಂದದ್ದನ್ನು ತಾವೇ ಎಷ್ಟೋ ಸಲ ತಿದ್ದಿಸಿದ್ದರು, ಆದರೆ ಅಚ್ಚಾದದ್ದರ ಜೊತೆ ವಾದ ಮಾಡಿ ಅವರಿಗೆ ಅಭ್ಯಾಸವಿರಲಿಲ್ಲ. ತನಗೆ ನೋವಾಗಬಾರದೆಂದು ಮಗಳು ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡರು.

ಅಲ್ಲಿಗೆ ಘೋಷಣೆ ನಿಂತಿತು. ಕಾಫಿ ಎಷ್ಟೇ ತಡವಾದರೂ ಮಾವ ತುಟಿ ಪಿಟಕ್ಕೆನ್ನದೆ ಕೂತಿರುತ್ತಿದ್ದರು. 'ಏನಯ್ಯಾ' ಹೋಗಿ 'ನೀವು' ಬಂತು. ಅತ್ತ ಪತ್ರಿಕೆಯೊಂದು ಪುಸ್ತಕವನ್ನು 'ದನಿಯ ಹಿಂಸೆಯ ದಿಟ್ಟ ದಾಖಲೆ' ಎಂದು ಹೊಗಳಿತು, ಸಂಪಾದಕಿ ಎರಡನೆಯದು ಯಾವಾಗ ಎಂದು ಕೇಳಿದರು. ಬರೆಯಲು ಬೇಕು ಬೇಕೆಂದು ಇವನು ಬ್ಲಾಗಿನಲ್ಲಿ ಗೋಳಾಡಿದ್ದ ಮೌನ ಈಗ ಮನೆ ತುಂಬ ಇತ್ತು. ಒಂದಕ್ಷರ ಹುಟ್ಟಲಿಲ್ಲ. ಒಂದು ಬೆಳಗ್ಗೆ ಬೈಸಿಕೊಳ್ಳುವ ಆಸೆಯಿಂದಲೇ ಸ್ನಾನದ ಮನೆಯಲ್ಲಿ ಬೇಕೆಂದು ಹೊತ್ತು ಕಳೆದ. ಬಾಗಿಲಾಚೆಯಿಂದ ತೆಳ್ಳಗೆ ಒಂದು ಮಾತು ಬಂತು. "ನೀವು ನಿಧಾನಕ್ಕೆ ಬನ್ನಿ, ಅವಸರ ಇಲ್ಲ." ಒದ್ದೆ ಮೈಯಲ್ಲಿ ನಿಂತಲ್ಲೇ ಅವನಿಗೆ ಅಳು ಬಂತು.

ಅಂದು ಅಂಗಡಿಯಲ್ಲಿ ಕೂತು, ಯಾವ ಶೈಲಿಯೂ ಇಲ್ಲದೆ, ಬ್ಲಾಗಿಗೆ ಬರೆದ. "ನನ್ನ ಮಾವ ಬದುಕಿದ್ದಾರೆ. ಅವರ ದನಿಗೆ ಈ ಮನೆಯಲ್ಲಿ ಯಾರೂ ಯಾವತ್ತೂ ಹೆದರಿಲ್ಲ. ಪುಸ್ತಕದಲ್ಲಿರುವುದು ನಾನು ಕಟ್ಟಿದ ಸುಳ್ಳು. ಆ ದನಿ ಕೇಳದೆ ನಮಗೆ ಬೆಳಗಾಗುತ್ತಿಲ್ಲ."

ಸಂಜೆ ಟ್ಯಾಬ್ ತಂದು ಮಾವನ ಕೈಗಿಟ್ಟ. ಅವರು ನಿಧಾನವಾಗಿ ಓದಿದರು. ಇನ್ನೊಮ್ಮೆ ಓದಿದರು. ಒಂದು ಗಳಿಗೆ ಮುಖ ಅರಳಿದಂತೆ ಕಂಡಿತು.

"ಚೆನ್ನಾಗಿ ಬರ್ದಿದ್ದೀರಿ," ಎಂದರು. "ಇದು ಅಚ್ಚಾಗುತ್ತಾ?"

"ಇಲ್ಲ ಮಾವ. ಬ್ಲಾಗಿಗೆ."

"ಹೌದಾ," ಎಂದು ಮಾವ ಟ್ಯಾಬನ್ನು ಹಿಂದಕ್ಕೆ ಕೊಟ್ಟರು. "ಪರವಾಗಿಲ್ಲ ಬಿಡಿ." ಎದ್ದು ತಮ್ಮ ಕೋಣೆಗೆ ಹೋಗಿ, ಯಾರಿಗೂ ತೊಂದರೆಯಾಗದಂತೆ ಮೆಲ್ಲಗೆ ಬಾಗಿಲು ಹಾಕಿಕೊಂಡರು.